ಕುಂತು ಮಾಡುವ ಕೆಲಸ

೧೯೯೧ರಲ್ಲಿ ನಾನು ಓದು ಬಿಟ್ಟೆ. ಎಂಟನೆಯ ತರಗತಿ ಅರ್ಧ ಮುಗಿದಿತ್ತು. ಮನೆಯವರು ಬಿಡಿಸಿದರು ಎಂದು ಬರೆದರೆ ಓದಿದವರಿಗೆ ಅಯ್ಯೋ ಅನಿಸೀತು, ಆದರೆ ಬಿಟ್ಟವನು ನಾನೇ. ಆ ವರ್ಷ ಅಪ್ಪ ತೀರಿಕೊಂಡ. ಅಣ್ಣನಿಗೆ ಆಗ ಹತ್ತೊಂಬತ್ತು, ನನಗೆ ಹದಿನಾಲ್ಕು. ಸಂಪಗಾಂವದ ಹತ್ತಿರದ ನಮ್ಮ ಹೊಲದಲ್ಲಿ ಕಬ್ಬು ಕಡಿಯಲು ಬಂದಿತ್ತು. ಪಾಟಿಚೀಲ ಗೂಟಕ್ಕೆ ಹಾಕಿದೆ, ಮತ್ತೆ ತೆಗೆಯಲಿಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಆನಿಸಿ ಕೂರಿಸುತ್ತಾರೆ. ಕತ್ತು ವಾಲದಂತೆ ಧೋತರದ ಪಟ್ಟಿಯಿಂದ ಗೋಡೆಯ ಗೂಟಕ್ಕೆ ಕಟ್ಟುತ್ತಾರೆ. ಕುಳಿತಂತೆಯೇ ಹೊತ್ತೊಯ್ದು ಕುಳಿತಂತೆಯೇ ಮಣ್ಣು ಕೊಡುತ್ತಾರೆ. ಊರಲ್ಲಿ ಯಾರಾದರೂ ಹೋದ ಸುದ್ದಿ ಬಂದರೆ "ಕುಂಡ್ರಿಸ್ಯಾರೇನು?" ಎಂದೇ ಮೊದಲು ಕೇಳುವುದು. ಅಪ್ಪನನ್ನು ಕೂರಿಸುವಾಗ ಹಿರಿಯರು ಹಾಕಿದ ಗಂಟು ಎರಡು ಸಲ ಜಾರಿತು. ಬಂಡಿಯ ಮೇಲಿನ ಕಬ್ಬಿಗೆ ಹಗ್ಗ ಬಿಗಿದು ನನಗೆ ರೂಢಿಯಿತ್ತು. "ಸರೀರಿ, ನಾ ಕಟ್ತೇನಿ" ಎಂದು ಅವರನ್ನು ಸರಿಸಿ ನಾನೇ ಗಂಟು ಹಾಕಿದೆ. ಅದು ಜಾರಲಿಲ್ಲ. ಮಂದಿ ಭೇಷ್ ಎಂದರು. ಆಗ ನನಗೆ ಹೆಮ್ಮೆಯೇ ಆಯಿತು ಎಂದು ಹೇಳಲು ಈಗ ನಾಚಿಕೆ.

ಅಲ್ಲಿಂದ ಹತ್ತು ವರ್ಷ, ಊಟಕ್ಕೆ ಬಿಟ್ಟರೆ, ನಾನು ಕುಳಿತವನಲ್ಲ. ಮೊದಲು ಎತ್ತಿನ ಬಂಡಿ, ೧೯೯೭ರಿಂದ ಟ್ರ್ಯಾಕ್ಟರು, ಹಿಂದೆ ಎರಡು ಟ್ರಾಲಿ. ಕಬ್ಬು ಹೇರಿಕೊಂಡು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೊಡೆಯುವುದು ನನ್ನ ಕೆಲಸ. ಹೇರುವುದರಲ್ಲಿ ನನಗೆ ಸೊಕ್ಕಿತ್ತು, ಈಗಲೂ ಇದೆ. ಕಾರ್ಖಾನೆಯ ಅಂಗಳದಲ್ಲಿ ಪಾಳಿ ಹಚ್ಚಿ ನಿಂತ ನೂರು ಗಾಡಿಗಳಲ್ಲಿ ನನ್ನ ಹೇರು ಯಾವುದೆಂದು ದೂರದಿಂದ ಗುರುತಿಸಬಹುದಿತ್ತು. ಗೋಡೆ ಕಟ್ಟಿದ ಹಾಗೆ ನೆಟ್ಟಗೆ ಇರುತ್ತಿತ್ತು.

೨೦೦೧ರ ಮಳೆಗಾಲದಲ್ಲಿ ಕತ್ತಿನ ಎಡಕ್ಕೆ ಒಂದು ಗಂಟು ಬಂತು. ನೋವಿರಲಿಲ್ಲ, ಹಾಗಾಗಿ ಬಿಟ್ಟೆ. ಒಂದು ಮೂರಾಯಿತು. ಬೈಲಹೊಂಗಲದ ಡಾಕ್ಟರು ಮುಟ್ಟಿ ನೋಡಿ ಹುಬ್ಬಳ್ಳಿ ಶಹರದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗಂಟಿನ ಒಂದು ಚೂರು ತೆಗೆದು, ಹನ್ನೆರಡು ದಿನ ಕಾಯಿಸಿ, ಕ್ಯಾನ್ಸರ್ ಎಂದರು. ಆಗ ನನಗೆ ಇಪ್ಪತ್ನಾಲ್ಕು. ಈ ರೋಗ ಮುದುಕರಿಗೆ, ತಂಬಾಕು ತಿನ್ನುವವರಿಗೆ ಬರುವುದೆಂದು ತಿಳಿದಿದ್ದೆ. ನಾನು ಎಲೆ ಅಡಿಕೆ ಸಹ ಹಾಕುತ್ತಿರಲಿಲ್ಲ. ಲೆಕ್ಕ ಎಲ್ಲಿ ತಪ್ಪಿತೆಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ.

ಹದಿನೈದು ದಿನಕ್ಕೊಮ್ಮೆ ಸಲೈನಿನಲ್ಲಿ ಔಷಧ ಹಾಕಿಸಿಕೊಳ್ಳಲು ಹೋಗಬೇಕಿತ್ತು. ಬಸ್ ನಿಲ್ದಾಣದಲ್ಲಿ ಯಾರಾದರೂ ಕೇಳುತ್ತಿದ್ದರು.

"ಎಲ್ಲಿಗೆ ಹೊಂಟೀಪಾ?"

"ಹುಬ್ಬಳ್ಳಿಗೆ."

"ಫ್ಯಾಕ್ಟರಿ ಇನ್ನೂ ಚಾಲೂ ಆಗಿಲ್ಲಲ್ಲೋ?"

"ಕೆಲಸೈತಿ."

ನಮ್ಮ ಕಡೆ ಕಬ್ಬಿನವನು ಹುಬ್ಬಳ್ಳಿ ಎಂದರೆ ಎಂ.ಕೆ. ಹುಬ್ಬಳ್ಳಿಯೇ. ನಾನು ಸುಳ್ಳು ಹೇಳಲಿಲ್ಲ, ಅವರು ತಿಳಿದುಕೊಂಡದ್ದನ್ನು ತಿದ್ದಲೂ ಇಲ್ಲ. ತಲೆಯ ಕೂದಲು ಹೋದ ಮೇಲೆ ಟವೆಲ್ ಸುತ್ತಿಕೊಂಡೆ. ಹುಬ್ಬು ಉದುರಿದ ಮೇಲೆ ಮಾತ್ರ ಎಲ್ಲರಿಗೂ ತಿಳಿಯಿತು. ಹುಬ್ಬಿಗೆ ಸುತ್ತುವ ಟವೆಲ್ ಇಲ್ಲ.

೨೦೦೨ರ ಜೂನಿನಲ್ಲಿ ಔಷಧ ಮುಗಿಯಿತು. ನನ್ನನ್ನು ನೋಡುತ್ತಿದ್ದವರು ಧಾರವಾಡದ ಕಡೆಯ ಹೆಣ್ಣುಮಗಳು, ದೊಡ್ಡ ಡಾಕ್ಟರು. ಫೋಟೋಗಳನ್ನು ಬೆಳಕಿಗೆ ಹಿಡಿದು, "ಸದ್ಯಕ್ಕ ಏನೂ ಇಲ್ಲಪಾ" ಎಂದರು.

"ಅಂದ್ರ ಹೋತೇನ್ರಿ ಬಾಯಾರ?"

"ಸದ್ಯಕ್ಕ ಇಲ್ಲ. ಐದು ವರ್ಷ ನೋಡೂಣು."

ಆ 'ಸದ್ಯಕ್ಕೆ'ಯನ್ನು ಹೊತ್ತುಕೊಂಡು ಬಸ್ಸಿನಲ್ಲಿ ಮನೆಗೆ ಬಂದೆ. ಅದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಎಂದು ಅವ್ವ ಕೇಳಿದಳು. ಡಾಕ್ಟರ ಮಾತನ್ನೇ ಮತ್ತೆ ಹೇಳಿದೆ.

ಮನೆಯಲ್ಲಿ ಶುರುವಾದದ್ದು ಬೇರೆಯೇ. ಕೊಡ ಎತ್ತಲು ಹೋದರೆ ಅವ್ವ "ಕುಂಡ್ರಪಾ" ಎನ್ನುವಳು. ಎತ್ತಿಗೆ ಮೇವು ಹಾಕಲು ಹೋದರೆ ಅಣ್ಣ "ಏ, ನೀ ಕುಂಡ್ರು" ಎನ್ನುವನು. ಬೀಗರ ಮದುವೆಗೆ ಹೋದರೆ ನಾಲ್ಕು ಮಂದಿ ಎದ್ದು ಕುರ್ಚಿ ಬಿಟ್ಟು "ಕುಂಡ್ರ್ರಿ, ಕುಂಡ್ರ್ರಿ" ಎನ್ನುವರು. ನನಗಿಂತ ಮೂವತ್ತು ವರ್ಷ ದೊಡ್ಡವರು! ಪ್ರೀತಿಯಿಂದ ಹೇಳುತ್ತಾರೆಂದು ಗೊತ್ತು. ಆದರೆ ದಿನಕ್ಕೆ ಇಪ್ಪತ್ತು ಸಲ ಆ ಮಾತು ಕಿವಿಗೆ ಬಿದ್ದಾಗ, ಪಡಸಾಲೆಯ ಗೋಡೆಯಲ್ಲಿದ್ದ ಗೂಟದ ಕಡೆ ಕಣ್ಣು ಹೋಗುತ್ತಿತ್ತು. ಆ ಗೂಟ ಇನ್ನೂ ಅಲ್ಲೇ ಇತ್ತು. ಅದಕ್ಕೆ ನನ್ನ ಆಸ್ಪತ್ರೆಯ ಚೀಲ ಹಾಕಿದ್ದರು.

ಟ್ರ್ಯಾಕ್ಟರಿಗೆ ಅಣ್ಣ ಬೇರೆ ಡ್ರೈವರನನ್ನು ಇಟ್ಟಿದ್ದ. ಚಾವಿ ಅಣ್ಣನ ಅಂಗಿಯ ಕಿಸೆಯಲ್ಲಿ. ದೀಪಾವಳಿಯ ಹೊತ್ತಿಗೆ ಕಾರ್ಖಾನೆ ಶುರುವಾಗುತ್ತದೆ. ಆ ಹಂಗಾಮಿಗೆ ನಾನು ಗಾಡಿ ಹೊಡೆಯದಿದ್ದರೆ ಮುಂದೆಂದೂ ಹೊಡೆಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ಒಮ್ಮೆ ಕೂತರೆ ಮುಗಿಯಿತು. ಚಾವಿ ಕೇಳಿದೆ.

"ಡಾಕ್ಟರ್ ಕಡಿಂದ ಬರಿಸ್ಕೊಂಡ್ ಬಾ" ಎಂದ ಅಣ್ಣ. "ಕೆಲಸಾ ಮಾಡಬಹುದು ಅಂತ ಕಾಗದದಾಗ ಇರಬೇಕ. ಅವತ್ತs ಚಾವಿ ನಿನ್ನ ಕೈಯಾಗ."

"ಬಾಯಿಮಾತು ಸಾಲೂದಿಲ್ಲೇನು?"

"ನಿನ್ನ ಬಾಯಿ ನಂಬಿ ಆರು ತಿಂಗಳು ನೀ ಫ್ಯಾಕ್ಟರಿಗೆ ಹೊಂಟೀ ಅಂತ ಊರ ಮಂದಿ ತಿಳಕೊಂಡಿತ್ತು."

ಡಾಕ್ಟರ ಬಳಿಗೆ ಹೋದೆ. ಅವರು ಬರೆದುಕೊಡುತ್ತೇನೆ ಎಂದರು, ಆದರೆ ಅದಕ್ಕೆ ಮೊದಲು ಐದು ದಿನದ ಒಂದು ಶಿಬಿರಕ್ಕೆ ಹೋಗಿ ಬಾ ಎಂದರು. ನನ್ನ ವಯಸ್ಸಿನವರೇ, ಇದೇ ರೋಗ ಬಂದು ಹೋದವರೇ ಬರುತ್ತಾರಂತೆ.

"ಏನ್ ಕಲಸ್ತಾರ್ರಿ ಅಲ್ಲೆ?"

"ಗುಡ್ಡಾ ಹತ್ತಸ್ತಾರ. ಹಗ್ಗಾ ಹಿಡದ ಇಳಸ್ತಾರ."

"ಜಡ್ಡಾದವರನ್ನ?"

"ಜಡ್ಡ ಹ್ವಾದವರನ್ನ."

"ಸದ್ಯಕ್ಕ" ಎಂದೆ. ಅವರು ನಕ್ಕು ನನ್ನ ಹೆಸರು ಬರೆದುಕೊಂಡರು.

ಮನೆಯಲ್ಲಿ ಅವ್ವನಿಗೆ, "ಸವದತ್ತಿ ಕಡೆ ಗುಡ್ಡಕ್ಕ ಹೊಂಟೇನಿ, ಐದು ದಿನಾ" ಎಂದೆ. ನಮ್ಮ ಸೀಮೆಯಲ್ಲಿ ಗುಡ್ಡಕ್ಕೆ ಹೋಗುವುದೆಂದರೆ ಒಂದೇ ಅರ್ಥ, ಎಲ್ಲಮ್ಮನಿಗೆ. ಅವ್ವ ಕಣ್ಣಿಗೆ ಸೆರಗು ಹಚ್ಚಿಕೊಂಡಳು. ತಾನು ಹರಕೆ ಹೊತ್ತದ್ದು ಮಗನಿಗೆ ಹೇಗೆ ತಿಳಿಯಿತು ಎಂದು ಅವಳಿಗೆ ಬೆರಗು. ಮರುದಿನ ನನ್ನ ಚೀಲದಲ್ಲಿ ಎರಡು ತೆಂಗಿನಕಾಯಿ, ಒಂದು ಪೊಟ್ಟಣ ಭಂಡಾರದ ಅರಿಶಿನ, ಹಸಿರು ಕುಪ್ಪಸದ ಬಟ್ಟೆ, ಇಪ್ಪತ್ತು ಹೋಳಿಗೆ ಇದ್ದವು. ಮತ್ತೆ ನಾನು ತಿದ್ದಲಿಲ್ಲ.

ಮುನವಳ್ಳಿಯಲ್ಲಿ ಬಸ್ಸಿಳಿದವನನ್ನು ಜೀಪಿನಲ್ಲಿ ಕರೆದೊಯ್ದರು. ಕಲ್ಲುಗುಡ್ಡದ ಬುಡದಲ್ಲಿ ನಾಲ್ಕು ಡೇರೆ. ನಾವು ಹನ್ನೆರಡು ಮಂದಿ. ಕೆಲವರಿಗೆ ಕೂದಲು ಆಗತಾನೆ ಚಿಗುರುತ್ತಿತ್ತು. ಶಿಬಿರ ನಡೆಸುವವನು ರಾಮದುರ್ಗದ ಕಡೆಯವನು, ಮಿಲಿಟರಿಯಿಂದ ಬಂದವನು. ಎಲ್ಲರೂ ಅವನನ್ನು ಸುಬೇದಾರ್ ಎಂದೇ ಕರೆಯುತ್ತಿದ್ದರು. ಧಾರವಾಡದ ಒಬ್ಬ ಹುಡುಗಿ ಇದ್ದಳು, ಕಾಲೇಜು ಓದುವವಳು. ಅವಳಿಗೆ ಮೊಣಕಾಲಿನ ಕೆಳಗೆ ಬಲಗಾಲು ಇರಲಿಲ್ಲ, ಕೃತಕ ಕಾಲು. ಮೊದಲ ದಿನವೇ ನನ್ನ ಚೀಲ ನೋಡಿ, "ಅಣ್ಣಾರ, ಉಡಿ ಯಾರಿಗೆ ತುಂಬವ್ರು? ಸುಬೇದಾರ್ರಿಗೇನು?" ಎಂದಳು. ಎಲ್ಲರೂ ನಕ್ಕರು. ಹೋಳಿಗೆ ಹಂಚಿದೆ.

ನನಗೆ ಅಲ್ಲಿನದು ಯಾವುದೂ ಅರ್ಥವಾಗಲಿಲ್ಲ. ಗುಡ್ಡ ತೋರಿಸಿ ಹತ್ತಿರಿ ಎಂದರು.

"ಮ್ಯಾಲ ಏನೈತ್ರಿ?" ಎಂದು ಕೇಳಿದೆ.

"ಏನಿಲ್ಲ" ಎಂದ ಸುಬೇದಾರ.

"ಹತ್ತಿದ ಮ್ಯಾಲ ಏನ್ ಮಾಡೂದು?"

"ಇಳಿಯೂದು."

"ಮತ್ತ ಹತ್ತೂದ್ಯಾಕ್ರಿ?"

"ಇಳಿಯಾಕ ಬೇಕಲ್ರಿ!"

ಹೊರೆಯಿಲ್ಲದೆ, ಕೆಲಸವಿಲ್ಲದೆ ಜೀವಮಾನದಲ್ಲಿ ಮೊದಲ ಸಲ ಗುಡ್ಡ ಹತ್ತಿದೆ. ಅರ್ಧಕ್ಕೇ ಉಸಿರು ಹಿಡಿಯಿತು. ಮೊದಲಾದರೆ ಕಬ್ಬಿನ ಕಟ್ಟು ಹೊತ್ತು ಏಣಿ ಏರುತ್ತಿದ್ದವನು. ಸಂಜೆ ದುಂಡಗೆ ಕೂರಿಸಿ, ಮನಸ್ಸಿಗೆ ಅನಿಸಿದ್ದನ್ನು ಹೇಳಿ ಎಂದರು. ಒಬ್ಬ ಅತ್ತ. ಇನ್ನೊಬ್ಬಳು ಮದುವೆ ಮುರಿದದ್ದು ಹೇಳಿದಳು. ನನ್ನ ಪಾಳಿ ಬಂತು. "ಅನಸೂದು ಏನಿಲ್ರಿ. ಹಸಿವಾಗೇತಿ" ಎಂದೆ. ಅದು ನಿಜವೂ ಆಗಿತ್ತು.

ಎರಡನೆಯ ದಿನ ಇಳಿಯುವುದನ್ನು ಕಲಿಸಿದರು. ಐವತ್ತು ಅಡಿಯ ನೆಟ್ಟನೆಯ ಕಲ್ಲು. ತೊಡೆಗೆ, ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದು, ಅದಕ್ಕೆ ಹಗ್ಗ ಹಾಕಿದರು. ಗಂಟು ನೋಡಿದೆ, ಒಳ್ಳೆಯ ಗಂಟು. ಅಂಚಿಗೆ ಬೆನ್ನು ಮಾಡಿ ನಿಂತೆ.

"ಹಿಂದಕ ವಾಲ್ರಿ" ಎಂದ ಸುಬೇದಾರ. "ನಿಲ್ಲಬ್ಯಾಡ್ರಿ. ಕುರ್ಚಿ ಮ್ಯಾಲ ಕುಂತಂಗ ಕುಂಡ್ರ್ರಿ. ಹಗ್ಗ ಹಿಡೀತೈತಿ, ಕುಂಡ್ರ್ರಿ."

ಪಟ್ಟಿ ಕಟ್ಟಿ ಕೂರಿಸುವುದು.

"ನಾ ಕುಂಡ್ರಂಗಿಲ್ಲ."

"ಅಂಜಬ್ಯಾಡ್ರಿ."

"ಅಂಜಿಕಿ ಅಲ್ಲ!" ಎಂದು ಕೂಗಿದೆ. ಕೆಳಗಿದ್ದವರೆಲ್ಲ ತಲೆಯೆತ್ತಿ ನೋಡಿದರು. ಪಟ್ಟಿ ಬಿಚ್ಚಿ ಹಾಕಿ ನಡೆದುಕೊಂಡೇ ಕೆಳಗೆ ಬಂದೆ. ನಡೆಯುವ ದಾರಿ ಇರುವಾಗ ಕಲ್ಲಿಗೆ ನೇತಾಡುವುದು ಯಾಕೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಹೆದರಿದವನು ಎಂದೇ ಎಲ್ಲರೂ ತಿಳಿದುಕೊಂಡರು. ಈ ಸಲ ತಿದ್ದಬೇಕೆನಿಸಿತು, ಆದರೆ ಹೇಗೆಂದು ತಿಳಿಯಲಿಲ್ಲ. ಕಾಗದ ಸಿಗದಿದ್ದರೂ ಸರಿ, ಮನೆಗೆ ಹೋಗುತ್ತೇನೆ ಎಂದು ಚೀಲ ಕಟ್ಟಿದೆ. ಆಮೇಲೆ ಅಣ್ಣನ ಕಿಸೆ ನೆನಪಾಗಿ ಬಿಚ್ಚಿದೆ.

ಮೂರನೆಯ ದಿನ ಬೆಳಗ್ಗೆ ಸುಬೇದಾರ ಹಗ್ಗಗಳನ್ನು ಹರವಿ ಒರೆಸುತ್ತಿದ್ದ. ಹುಡುಗಿಯೂ ಅಲ್ಲೇ ಕುಳಿತು ತನ್ನ ಕಾಲಿನ ಬೆಲ್ಟಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಹೋಗಿ ಹಗ್ಗ ಸುತ್ತಲು ಕೈ ಹಾಕಿದೆ, ಕೈ ಸುಮ್ಮನಿರುವುದಿಲ್ಲ. ಸುತ್ತುತ್ತ ಸುತ್ತುತ್ತ ಅಪ್ಪನ ಸಂಗತಿ ಹೇಳಿಬಿಟ್ಟೆ. ಧೋತರದ ಪಟ್ಟಿ, ಗೂಟ, ನನ್ನ ಗಂಟು. ಮನೆಯಲ್ಲಿ ಎಲ್ಲರೂ ಕುಂಡ್ರು ಎನ್ನುವುದನ್ನೂ ಹೇಳಿದೆ.

ಸುಬೇದಾರ ಕೈಯಲ್ಲಿದ್ದ ಹಗ್ಗವನ್ನು ತುದಿಯವರೆಗೆ ಒರೆಸಿದ. ಆಮೇಲೆ, "ನಮ್ಮ ಮಂದ್ಯಾಗ ಮಲಗಿಸಿ ಸುಡ್ತಾರ್ರಿ" ಎಂದ. "ಹಂಗಂತ ನಾ ಮಲಗೂದs ಬಿಡಬೇಕೇನ್ರಿ?"

ಹುಡುಗಿ ಎಣ್ಣೆಯ ಡಬ್ಬಿ ಕೆಳಗೆ ಬೀಳುವಂತೆ ನಕ್ಕಳು. ನನಗೂ ನಗು ಬಂತು. ಮಾತು ಸರಿಯಾಗಿತ್ತು. ಆದರೆ ಸರಿಯಾದ ಮಾತು ತಲೆಯಲ್ಲಿ ನಿಲ್ಲುತ್ತದೆ, ಹೊಟ್ಟೆಗೆ ಇಳಿಯುವುದಿಲ್ಲ. ಮಧ್ಯಾಹ್ನ ಮತ್ತೆ ಅಂಚಿಗೆ ಹೋಗಿ ನಿಂತೆ, ಮತ್ತೆ ತಿರುಗಿ ಬಂದೆ.

ನಾಲ್ಕನೆಯ ದಿನ ಸುಬೇದಾರ ನನಗೆ ಇಳಿ ಎನ್ನಲಿಲ್ಲ. "ಹಗ್ಗದ ಮನಷ್ಯಾ ಅದೀರಿ, ಹಗ್ಗಾ ಹಿಡೀರಿ" ಎಂದ. ಇಳಿಯುವವರಿಗೆ ಎರಡು ಹಗ್ಗ ಇರುತ್ತವೆ. ಒಂದು ಅವರೇ ಬಿಟ್ಟುಕೊಳ್ಳುವುದು, ಇನ್ನೊಂದು ಮೇಲೆ ಇರುವವನ ಕೈಯಲ್ಲಿ. ಜಾರಿದರೆ ತಡೆಯುವುದು ಎರಡನೆಯದು. ಅವನೂ ನನ್ನ ಬೆನ್ನ ಹಿಂದೆಯೇ ಹಗ್ಗದ ತುದಿ ಹಿಡಿದು ನಿಂತ. ಧಾರವಾಡದ ಹುಡುಗಿ ಇಳಿಯಲು ಸಿದ್ಧಳಾದಳು. ಕೃತಕ ಕಾಲನ್ನು ಒಮ್ಮೆ ಕಲ್ಲಿಗೆ ತಟ್ಟಿ ನೋಡಿ, "ಅಣ್ಣಾರ, ಒಂದು ಕಾಲು ಆಗಲೇ ಕೊಟ್ಟೇನಿ. ಇನ್ನೊಂದಕ್ಕ ನೀವು ಜವಾಬ್ದಾರಿ" ಎಂದಳು.

ಹತ್ತು ಅಡಿ ಇಳಿದಿರಬೇಕು, ಆ ಕಾಲು ಕಲ್ಲಿನ ಮೇಲೆ ಜಾರಿತು. ಹಗ್ಗ ಎಳೆಯಿತು. ಕಬ್ಬಿನ ಹೇರು ವಾಲುವಾಗ ಮೈ ಏನು ಮಾಡುತ್ತದೋ ಅದನ್ನೇ ಮಾಡಿತು. ಹಿಮ್ಮಡಿಯನ್ನು ಬಂಡೆಗೆ ಒತ್ತಿ, ಹಗ್ಗವನ್ನು ಸೊಂಟಕ್ಕೆ ತಿರುವಿ ಹಿಡಿದೆ. ಅವಳು ಕಲ್ಲಿಗೆ ಒಮ್ಮೆ ಬಡಿದು ನಿಂತಳು. "ಹಿಡದೀರೇನು?" ಎಂದು ಕೂಗಿದಳು. "ಹಿಡದೇನಿ. ಸಾವಕಾಶ ಇಳೀ ತಂಗಿ" ಎಂದೆ. ಅವಳು ನೆಲ ಮುಟ್ಟುವವರೆಗೆ ಬೇರೆ ಏನೂ ತಲೆಯಲ್ಲಿ ಬರಲಿಲ್ಲ.

ಆಮೇಲೆ ಸುಬೇದಾರ ನನ್ನ ಹೆಗಲಿಗೆ ತಟ್ಟಿ, "ಈಗ ನೀವು ಹೆಂಗ ಅದೀರಿ ನೋಡ್ಕೋರಿ" ಎಂದ. ನೋಡಿಕೊಂಡೆ. ಕುಳಿತಿದ್ದೆ. ಕಾಲು ಚಾಚಿ, ನೆಲದ ಮೇಲೆ ಗಟ್ಟಿಯಾಗಿ ಕುಳಿತಿದ್ದೆ. ಯಾವಾಗ ಕುಳಿತೆ ಎಂಬುದೇ ಗೊತ್ತಿರಲಿಲ್ಲ.

ಐದನೆಯ ದಿನ ನಾನೂ ಇಳಿದೆ. ಚೆನ್ನಾಗಿ ಇಳಿದೆ ಎಂದು ಬರೆಯಲಾರೆ. ಅಂಚಿನಲ್ಲಿ ಹಟ ಹಿಡಿದು ನಿಂತೇ ಇದ್ದೆ, ಆದ್ದರಿಂದ ಕಾಲು ಜಾರಿ, ಮೊಣಕೈ ತರಚಿ, ಗಿರಕಿ ಹೊಡೆದು, ಕೊನೆಗೆ ಗಾಳಿಯಲ್ಲಿ ಕುಳಿತುಬಿಟ್ಟೆ. ಪಟ್ಟಿ ಹಿಡಿದುಕೊಂಡಿತ್ತು. ಕಲ್ಲಿನ ಬದಲು ಹೊರಗಡೆಗೆ ಮುಖವಾಗಿತ್ತು, ದೂರದಲ್ಲಿ ಮಲಪ್ರಭೆಯ ಹಿನ್ನೀರು ಕಾಣುತ್ತಿತ್ತು. ನಮ್ಮ ಕಾರ್ಖಾನೆಯ ಮಗ್ಗುಲಿಂದ ಹರಿದು ಬಂದ ನೀರೇ ಅದು. ಹಾಗೆ ತೂಗಾಡುತ್ತ ಅಪ್ಪನ ಮುಖ ನೆನಪಿಗೆ ತರಲು ನೋಡಿದೆ. ಬರಲಿಲ್ಲ. ನೆನಪಿಗೆ ಬಂದದ್ದು ಹೋಳಿಗೆ ಮುಗಿದದ್ದು. ಕೆಳಗಿಂದ ಹುಡುಗಿ, "ಕುಂತೀರಲ್ರಿ ಅಣ್ಣಾರ! ಚಾ ಕಳಸೂಣೇನು?" ಎಂದು ಕೂಗಿದಳು. ಕಣ್ಣಲ್ಲಿ ನೀರು ಬಂತು. ನಗುವಿಗೋ, ಮೊಣಕೈ ಉರಿಗೋ, ಬೇರೆ ಯಾವುದಕ್ಕೋ ನಾನು ಹೇಳಲಾರೆ.

ಹೊರಡುವ ಮುನ್ನ ತೆಂಗಿನಕಾಯಿ ಎರಡನ್ನೂ ಆ ಕಲ್ಲಿನ ಬುಡಕ್ಕೇ ಒಡೆದೆ. ಭಂಡಾರವನ್ನೂ ಅಲ್ಲೇ ಹಾಕಿದೆ. ಕುಪ್ಪಸದ ಬಟ್ಟೆಯನ್ನು ಹುಡುಗಿಗೆ ಕೊಟ್ಟೆ, ಅವಳು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡಳು. ಅವಳ ವಿಳಾಸ ಕೇಳಲಿಲ್ಲ, ಕೇಳುವುದು ಸರಿಯೋ ಅಲ್ಲವೋ ತಿಳಿಯಲಿಲ್ಲ. ಒಂದು ಹೋಳು ಕೊಬ್ಬರಿಯನ್ನು ಅವ್ವನಿಗೆ ತಂದುಕೊಟ್ಟೆ. ಅವಳು ಪ್ರಸಾದವೆಂದು ತಿಂದಳು.

ಹುಬ್ಬಳ್ಳಿಗೆ ಹೋಗಿ ಡಾಕ್ಟರಿಂದ ಕಾಗದ ತಂದೆ. ಎರಡೇ ಸಾಲು, ಇಂಗ್ಲಿಷಿನಲ್ಲಿ. ನನಗೂ ಅಣ್ಣನಿಗೂ ಬಾರದ್ದರಿಂದ ಇಬ್ಬರೂ ಶಾಲೆಯ ಮಾಸ್ತರರ ಮನೆಗೆ ಹೋದೆವು. ಅವರು ಕನ್ನಡಕ ಹಾಕಿಕೊಂಡು, ಓದಿ, ನನ್ನ ಮುಖ ನೋಡಿದರು.

"ರೋಗ ಸದ್ಯಕ್ಕ ಇಲ್ಲ. ಭಾರ ಎತ್ತೂ ಕೆಲಸ ಬ್ಯಾಡ. ಕುಂತು ಮಾಡೂ ಕೆಲಸ ಮಾಡಬಹುದು ಅಂತ ಬರದಾರ."

ಆ ಕಾಗದಕ್ಕಾಗಿ ನಾನು ಗುಡ್ಡ ಹತ್ತಿದ್ದೆ. ಅದರಲ್ಲಿಯೂ ಅದೇ ಮಾತು. ಅಣ್ಣ ನಿಟ್ಟುಸಿರು ಬಿಟ್ಟು, "ನೋಡಪಾ, ಡಾಕ್ಟರ್ರs ಹೇಳ್ಯಾರ. ಕಿರಾಣಿ ಅಂಗಡಿ ಹಾಕಿ ಕೊಡ್ತೇನಿ. ಗಲ್ಲೆದ ಮ್ಯಾಲ ಕುಂಡ್ರು" ಎಂದ.

ಆಗ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. "ಯಣ್ಣಾ, ಟ್ರ್ಯಾಕ್ಟರ್ ನಿಂತು ಹೊಡೀತಾರೇನು?" ಎಂದು ಕೇಳಿದೆ.

ಮಾಸ್ತರರು ಕಾಗದವನ್ನು ಮತ್ತೊಮ್ಮೆ ಓದಿದರು, ಅದರಲ್ಲಿ ಟ್ರ್ಯಾಕ್ಟರಿನ ಮಾತು ಇದೆಯೇ ಎಂದು ಹುಡುಕುವವರಂತೆ. "ಹೇಳೂದು ಖರೇ ಐತಿ" ಎಂದರು ಕೊನೆಗೆ. "ಕುಂತs ಹೊಡೀತಾರ."

"ಹೇರೂದು?" ಎಂದ ಅಣ್ಣ.

"ಹೇರಾಕ ಮಂದಿ ಅದಾರ. ನಾ ಹೇಳ್ತೇನಿ, ಅವ್ರು ಹೇರ್ತಾರ."

"ನಿನ್ನ ಬಾಯಿ ಮಾತ್ರ ಜಡ್ಡ ಬಿದ್ದಿಲ್ಲ ನೋಡು" ಎಂದು ಅಣ್ಣ ಕಿಸೆಗೆ ಕೈ ಹಾಕಿದ.

ಹತ್ತು ವರ್ಷ ಕುಳಿತವನಲ್ಲ ಎಂದು ಮೇಲೆ ಬರೆದಿದ್ದೇನೆ. ಅದರಲ್ಲಿ ನಾಲ್ಕು ವರ್ಷ ಟ್ರ್ಯಾಕ್ಟರಿನ ಮೇಲೆ ಕುಳಿತೇ ಇದ್ದೆ ಎಂಬುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ. ಮೇಲಿನದನ್ನು ಹೊಡೆದು ಹಾಕಿಲ್ಲ, ಇರಲಿ. ಡಾಕ್ಟರು ಬರೆದದ್ದು ಟ್ರ್ಯಾಕ್ಟರನ್ನು ನೆನೆದೋ, ಅಂಗಡಿಯನ್ನು ನೆನೆದೋ, ಕೇಳಲು ನನಗೆ ಧೈರ್ಯವಾಗಲಿಲ್ಲ. ಕೇಳಿದರೆ ಚಾವಿ ತಿರುಗಿ ಕೊಡಬೇಕಾದೀತು. ಎಲ್ಲಮ್ಮ ಕೊಡಿಸಿದಳು ಎಂದು ಅವ್ವ ಸಾಯುವವರೆಗೂ ಹೇಳಿದಳು. ಶಿಬಿರ ಕೊಡಿಸಿತೋ, ಮಾಸ್ತರರ ಕನ್ನಡಕ ಕೊಡಿಸಿತೋ ನನಗೆ ಬಗೆಹರಿಯಲಿಲ್ಲ. ಅವ್ವನನ್ನು ಕೂರಿಸಿದಾಗ ಗಂಟು ನಾನೇ ಹಾಕಿದೆ. ಅದೂ ಜಾರಲಿಲ್ಲ.

ಇದನ್ನು ಬರೆಯುತ್ತಿರುವುದು ೨೦೦೯ರಲ್ಲಿ. ಡಾಕ್ಟರ ಐದು ವರ್ಷ ಮುಗಿದು ಎರಡು ವರ್ಷವಾಯಿತು. ಅವರು ಈಗ 'ಸದ್ಯಕ್ಕೆ' ಎನ್ನುವುದನ್ನು ಬಿಟ್ಟಿದ್ದಾರೆ, ನಾನು ಬಿಟ್ಟಿಲ್ಲ. ಸದ್ಯಕ್ಕೆ ನನಗೆ ಇರುವುದು ಒಂದು ಟ್ರ್ಯಾಕ್ಟರು, ಎರಡು ಟ್ರಾಲಿ, ಎರಡು ಎಕರೆ ಕಬ್ಬು, ಒಬ್ಬ ಅಣ್ಣ, ಒಬ್ಬ ಹೆಂಡತಿ, ನಾಲ್ಕು ವರ್ಷದ ಒಬ್ಬ ಮಗಳು, ಕತ್ತಿನ ಮೇಲೆ ಎರಡು ಬೆರಳು ಅಗಲದ ಒಂದು ಕಲೆ, ಓದಲು ಬಾರದ ಒಂದು ಕಾಗದ, ಪಡಸಾಲೆಯಲ್ಲಿ ಒಂದು ಗೂಟ. ಗೂಟಕ್ಕೆ ಈಗ ಚಾವಿ ಹಾಕುತ್ತೇನೆ.